ಕೇಳದ ಪೈಥಾನ್ ಇಮೇಜ್‌ನೊಳಗೆ ಬಂದು ಕುಳಿತಿದೆ. ಹೊರಗೆ ಹಾಕುವುದು ಹೇಗೆ?

ಫ್ಲ್ಯಾಶ್_ತುಂಬಿದೆ

ನಮ್ಮ ಬೋರ್ಡ್‌ನಲ್ಲಿ ರೂಟ್ ಫೈಲ್‌ಸಿಸ್ಟಮ್‌ಗೆ ತಲಾ 128 ಎಂಬಿಯ ಎರಡು ವಿಭಾಗಗಳಿವೆ. ಒಂದರಿಂದ ಬೋರ್ಡ್ ನಡೆಯುತ್ತದೆ, ಇನ್ನೊಂದಕ್ಕೆ ಅಪ್‌ಡೇಟ್ ಬರೆಯುತ್ತೇವೆ. ಕಳೆದ ಬಿಡುಗಡೆಯವರೆಗೂ ಯೋಕ್ಟೊ (ಬೋರ್ಡ್‌ಗೆ ಬೇಕಾದ ಲಿನಕ್ಸ್ ಕಟ್ಟಿಕೊಡುವ ಉಪಕರಣ) ಕೊಡುತ್ತಿದ್ದ ಇಎಕ್ಸ್‌ಟಿ4 ಇಮೇಜ್, ಅಂದರೆ ಆ ವಿಭಾಗಕ್ಕೆ ಬರೆಯುವ ಸಿದ್ಧ ಫೈಲ್‌ಸಿಸ್ಟಮ್ ಕಡತ, 92 ಎಂಬಿ ಆಸುಪಾಸಿನಲ್ಲಿತ್ತು. ಮೊನ್ನೆ ನೋಡಿದರೆ 139! ಬಿಚ್ಚಿ ನೋಡಿದೆ. ಒಳಗೆ ಪೈಥಾನ್ ಪೂರ್ತಿ ಸಂಸಾರ ಸಮೇತ ಬಂದು ಕುಳಿತಿದೆ. ನಮ್ಮ ಉತ್ಪನ್ನದಲ್ಲಿ ಪೈಥಾನ್‌ನಲ್ಲಿ ಬರೆದ ಒಂದು ಸಾಲೂ ಓಡುವುದಿಲ್ಲ.

ಮೊದಲು ಇಮೇಜ್‌ಗೆ ಹೋಗುವ ಪ್ಯಾಕೇಜ್‌ಗಳ ಪಟ್ಟಿಯಿಂದ ತೆಗೆಯಲು ಇಮೇಜ್_ಇನ್‌ಸ್ಟಾಲ್:ರಿಮೂವ್ ಎಂದು ಪೈಥಾನ್ ಹೆಸರು ಬರೆದೆ. ಏನೂ ಆಗಲಿಲ್ಲ, ಎಚ್ಚರಿಕೆಯ ಸಂದೇಶವೂ ಬರಲಿಲ್ಲ. ಆಮೇಲೆ ರೂಟ್‌ಎಫ್‌ಎಸ್_ಪೋಸ್ಟ್‌ಪ್ರೊಸೆಸ್_ಕಮಾಂಡ್‌ನಲ್ಲಿ ಒಂದು ಸಣ್ಣ ಫಂಕ್ಷನ್ ಬರೆದು ಪೈಥಾನ್ ಕಡತಗಳಿಗೆ ಆರ್‌ಎಂ (ಅಳಿಸುವ ಆದೇಶ) ಹೊಡೆದೆ. ಗಾತ್ರ ಇಳಿಯಿತು, ಬೋರ್ಡ್ ಬೂಟ್ ಆಯಿತು, ನೆಮ್ಮದಿಯಾಗಿ ಮಲಗಿದೆ. ಮರುದಿನ ಭದ್ರತಾ ಪರಿಶೀಲನೆ ಮಾಡುವವರಿಂದ ಪತ್ರ: «ನಿಮ್ಮ ಪ್ಯಾಕೇಜ್ ಪಟ್ಟಿಯಲ್ಲಿ ಪೈಥಾನ್ ಇದೆ, ಅದರ ದೋಷಗಳ ತೇಪೆ ಯಾರು ನೋಡಿಕೊಳ್ಳುತ್ತಾರೆ?»

ಬಿಲ್ಡ್ ಆಗುವಾಗ ನೂರಾರು ರೆಸಿಪಿಗಳು (ಒಂದೊಂದು ತಂತ್ರಾಂಶವನ್ನು ಕಟ್ಟುವ ವಿಧಾನ ಬರೆದ ಕಡತಗಳು) ಓಡುತ್ತವೆ. ಅವುಗಳಲ್ಲಿ ಯಾವುದು ಇಮೇಜ್‌ಗೆ ಹೋಗಬೇಕು, ಯಾವುದು ಹೋಗಬಾರದು ಎಂದು ತೀರ್ಮಾನಿಸುವುದು ಎಲ್ಲಿ? ನನಗೆ ಆ ಜಾಗ ಬೇಕು.

---

ಸೊನ್ನೆ_ಒಂದು

ಆರ್‌ಎಂ ಹೊಡೆದು ನೆಮ್ಮದಿಯಾಗಿ ಮಲಗಿದವರ ಸಂಘಕ್ಕೆ ಸ್ವಾಗತ. ನಾನು ಹಳೆಯ ಸದಸ್ಯ.

---

ಕರ್ನಲ್_ಕಾವಲುಗಾರ

ಅಂಥ ಒಂದೇ ಜಾಗ ಇಲ್ಲ, ಅದೇ ತೊಡಕು. ಮೂರು ಬಾಗಿಲುಗಳಿವೆ ಎಂದುಕೊಳ್ಳಿ.

ರೆಸಿಪಿ ಬಿಲ್ಡ್ ಆದ ಮಾತ್ರಕ್ಕೆ ಇಮೇಜ್‌ಗೆ ಹೋಗುವುದಿಲ್ಲ. ಒಂದು ರೆಸಿಪಿಯಿಂದ ಹಲವು ಪ್ಯಾಕೇಜ್‌ಗಳು ಹುಟ್ಟುತ್ತವೆ: ಮುಖ್ಯ ಪ್ಯಾಕೇಜ್, -ಡೆವ್, -ಡಿಬಿಜಿ, -ಡಾಕ್, -ಸ್ಟ್ಯಾಟಿಕ್‌ಡೆವ್, ಭಾಷಾ ಪ್ಯಾಕೇಜ್‌ಗಳು. ಯಾವ ಕಡತ ಯಾವ ಪ್ಯಾಕೇಜ್‌ಗೆ ಎಂದು ಹೇಳುವುದು ಫೈಲ್ಸ್ ವೇರಿಯಬಲ್. ಇದು ಮೊದಲ ಬಾಗಿಲು. ಇಮೇಜ್_ಇನ್‌ಸ್ಟಾಲ್ ಮತ್ತು ಇಮೇಜ್_ಫೀಚರ್ಸ್‌ನಲ್ಲಿ ನೀವು ಹೆಸರು ಹಿಡಿದು ಕರೆಯುವುದು ಎರಡನೆಯದು. ಹಾಗೆ ಕರೆದ ಪ್ಯಾಕೇಜ್‌ಗಳು ತಮ್ಮ ಆರ್‌ಡಿಪೆಂಡ್ಸ್ (ಓಡಲು ಬೇಕೇಬೇಕಾದವು) ಮತ್ತು ಆರ್‌ರೆಕಮೆಂಡ್ಸ್ (ಇದ್ದರೆ ಒಳ್ಳೆಯದು ಎಂಬ ಶಿಫಾರಸುಗಳು) ಮೂಲಕ ಯಾರನ್ನು ಎಳೆದು ತರುತ್ತವೆಯೋ ಅದು ಮೂರನೆಯದು. ಕರೆದದ್ದು ಒಬ್ಬನನ್ನು, ಬಂದದ್ದು ಬಳಗ ಎನ್ನುವುದು ಇಲ್ಲೇ.

ನಿಮ್ಮ ರಿಮೂವ್ ಸಾಲು ಎರಡನೆಯ ಬಾಗಿಲಲ್ಲಿ ಕಾವಲು ನಿಂತಿತು. ಪೈಥಾನ್ ಬಂದದ್ದು ಮೂರನೆಯದರಿಂದ. ಆ ಸಾಲು ಪಟ್ಟಿಯಲ್ಲಿರುವ ಹೆಸರನ್ನು ಮಾತ್ರ ತೆಗೆಯುತ್ತದೆ. ಪಟ್ಟಿಯಲ್ಲಿ ಇಲ್ಲದ ಹೆಸರನ್ನು ಎಲ್ಲಿಂದ ತೆಗೆಯುವುದು? ಅದಕ್ಕೇ ಅದು ಸದ್ದಿಲ್ಲದೆ ಸುಮ್ಮನಾಯಿತು.

ಇನ್ನೊಂದು ಮಾತು: ಡಿಪೆಂಡ್ಸ್ ಬೇರೆ, ಆರ್‌ಡಿಪೆಂಡ್ಸ್ ಬೇರೆ. ಡಿಪೆಂಡ್ಸ್ ಬಿಲ್ಡ್ ಸಮಯದ್ದು. ಅದರಿಂದ ಹೆಡರ್, ಲೈಬ್ರರಿಗಳು ಬಿಲ್ಡ್ ಮಾಡುವ ಯಂತ್ರದಲ್ಲಿನ ಸಿಸ್‌ರೂಟ್ ಫೋಲ್ಡರ್‌ಗೆ ಬರುತ್ತವೆ ಅಷ್ಟೇ, ಇಮೇಜ್‌ಗೆ ಬರುವುದಿಲ್ಲ. ಆದರೆ ಪ್ಯಾಕೇಜ್ ಮಾಡುವಾಗ ಯೋಕ್ಟೊ ಪ್ರತಿ ಬೈನರಿಯನ್ನೂ ಓದಿ, ಅದು ಯಾವ ಹಂಚಿಕೆಯ ಲೈಬ್ರರಿಯನ್ನು ಕೇಳುತ್ತದೆಂದು ನೋಡಿ, ಅದನ್ನು ತಾನಾಗಿಯೇ ಆರ್‌ಡಿಪೆಂಡ್ಸ್‌ಗೆ ಸೇರಿಸುತ್ತದೆ. ನೀವು ಬರೆಯದ ಅವಲಂಬನೆಗಳೂ ಹೀಗಾಗಿ ಇರುತ್ತವೆ.

---

ಫ್ಲ್ಯಾಶ್_ತುಂಬಿದೆ

ಅರ್ಥವಾಯಿತು. ಹಾಗಾದರೆ ಪೈಥಾನ್ ಅನ್ನು ಕೈ ಹಿಡಿದು ಕರೆತಂದ ಆಸಾಮಿ ಯಾರೆಂದು ಕಂಡುಹಿಡಿಯುವುದು ಹೇಗೆ?

---

ಅವಸರದ_ಆಮೆ

ಯೋಕ್ಟೊದ ಬಿಲ್ಡ್ ಆದೇಶವಾದ ಬಿಟ್‌ಬೇಕ್‌ಗೆ -ಜಿ ಕೊಟ್ಟು ಇಮೇಜ್ ಹೆಸರು ಬರೆಯಿರಿ. ಡಾಟ್ ಕಡತ ಬರುತ್ತದೆ, ಅದರಲ್ಲಿ ಹುಡುಕಿದರೆ ಸಿಕ್ಕಿಬೀಳುತ್ತದೆ. ಐದು ನಿಮಿಷದ ಕೆಲಸ.

---

ಹಳೇ_ತಲೆ

ಆಮೆಯವರೇ, ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದಂತಾಯಿತು. -ಜಿ ಕೊಡುವುದು ಕೆಲಸಗಳ ನಕ್ಷೆ, ಅಂದರೆ ಯಾವುದು ಬಿಲ್ಡ್ ಆದಮೇಲೆ ಯಾವುದು ಬಿಲ್ಡ್ ಆಗಬೇಕು ಎಂಬುದು. ಅದರಲ್ಲಿ ಪೈಥಾನ್ ಹುಡುಕಿದರೆ ನೂರು ಕಡೆ ಸಿಗುತ್ತದೆ, ಏಕೆಂದರೆ ಬಿಲ್ಡ್ ಮಾಡುವ ಯಂತ್ರಕ್ಕೇ ಪೈಥಾನ್ ಬೇಕು. ಅಷ್ಟನ್ನೂ ಹಿಂಬಾಲಿಸಿದರೆ ಸಂಜೆಯಾಗುತ್ತದೆ, ಉತ್ತರ ಸಿಗುವುದಿಲ್ಲ.

ಬೇಕಾದದ್ದು ಬಿಲ್ಡ್‌ನ ಲೆಕ್ಕ ಬರೆದಿಡುವ ಬಿಲ್ಡ್‌ಹಿಸ್ಟರಿ. ಲೋಕಲ್.ಕಾನ್ಫ್ ಎಂಬ ಸಂರಚನಾ ಕಡತದಲ್ಲಿ ಇನ್‌ಹೆರಿಟ್‌ಗೆ ಬಿಲ್ಡ್‌ಹಿಸ್ಟರಿ ಎಂದು ಸೇರಿಸಿ ಇಮೇಜ್ ಮತ್ತೆ ಮಾಡಿ. ಬಿಲ್ಡ್‌ಹಿಸ್ಟರಿ ಫೋಲ್ಡರ್‌ನಲ್ಲಿ ಇಮೇಜ್ ಹೆಸರಿನಡಿ ಕೆಲವು ಕಡತಗಳು ಬರುತ್ತವೆ. ಇನ್‌ಸ್ಟಾಲ್ಡ್-ಪ್ಯಾಕೇಜ್-ಸೈಜಸ್‌ನಲ್ಲಿ ಯಾವ ಪ್ಯಾಕೇಜ್ ಎಷ್ಟು ದಪ್ಪ ಎಂದು ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವ ಪಟ್ಟಿ ಇರುತ್ತದೆ. ಫೈಲ್ಸ್-ಇನ್-ಇಮೇಜ್‌ನಲ್ಲಿ ಪ್ರತಿ ಕಡತವೂ ಇರುತ್ತದೆ. ಡಿಪೆಂಡ್ಸ್.ಡಾಟ್‌ನಲ್ಲಿ ಇಮೇಜ್‌ಗೆ ನಿಜವಾಗಿ ಹೋದ ಪ್ಯಾಕೇಜ್‌ಗಳ ನಡುವಿನ ಬಾಣಗಳು ಮಾತ್ರ. ಆ ಕೊನೆಯ ಕಡತದಲ್ಲಿ ಪೈಥಾನ್ ಹೆಸರನ್ನು ಗ್ರೆಪ್ ಮಾಡಿ (ಹುಡುಕಿ), ಬಾಣದ ಬಾಲ ಯಾರ ಕೈಯಲ್ಲಿದೆ ನೋಡಿ.

---

ಅವಸರದ_ಆಮೆ

ಒಪ್ಪಿದೆ. ಇಷ್ಟು ದಿನ ನಾನು ತಪ್ಪು ನಕ್ಷೆ ಹಿಡಿದು ಊರು ಹುಡುಕುತ್ತಿದ್ದೆ.

---

ಮೇಕ್‌ಫೈಲ್_ಮಾವ

ಈ ಗೋಜಲೆಲ್ಲ ಬೇಡವೆಂದೇ ನಾವು ಯೋಕ್ಟೊ ಬದಲು ಅದೇ ಕೆಲಸದ ಇನ್ನೊಂದು ಉಪಕರಣ ಬಿಲ್ಡ್‌ರೂಟ್ ಬಳಸುತ್ತೇವೆ. ಮೆನುಕಾನ್ಫಿಗ್ ಎಂಬ ಆಯ್ಕೆ ಪಟ್ಟಿಯಲ್ಲಿ ಟಿಕ್ ಹಾಕಿದ್ದು ಬರುತ್ತದೆ, ಹಾಕದ್ದು ಬರುವುದಿಲ್ಲ. ಪ್ಯಾಕೇಜ್‌ಗಳೊಳಗೆ ಪ್ಯಾಕೇಜ್, ಬಾಗಿಲುಗಳೊಳಗೆ ಬಾಗಿಲು ಯಾವುದೂ ಇಲ್ಲ.

---

ನಿಶಾಚರಿ

ಮಾವನವರೇ, ಟಿಕ್ ತೆಗೆದ ಮೇಲೆ ಏನಾಗುತ್ತದೆ ಎಂಬುದನ್ನೂ ಹೇಳಿ.

---

ಮೇಕ್‌ಫೈಲ್_ಮಾವ

ಅದು ಕೈಪಿಡಿಯಲ್ಲೇ ಸ್ಪಷ್ಟವಾಗಿದೆ. ಮೇಕ್ ಕ್ಲೀನ್ ಮಾಡಿ ಮತ್ತೆ ಪೂರ್ತಿ ಬಿಲ್ಡ್ ಮಾಡಬೇಕು.

---

ನಿಶಾಚರಿ

ಅದೇ! ಓದದವರಿಗಾಗಿ ಬಿಡಿಸಿ ಹೇಳುತ್ತೇನೆ. ಬಿಲ್ಡ್‌ರೂಟ್‌ನಲ್ಲಿ ಎಲ್ಲ ಪ್ಯಾಕೇಜ್‌ಗಳೂ ಒಂದೇ ಔಟ್‌ಪುಟ್/ಟಾರ್ಗೆಟ್ ಫೋಲ್ಡರ್‌ಗೆ ಕಡತಗಳನ್ನು ಸುರಿಯುತ್ತವೆ, ಇಮೇಜ್ ಆ ಫೋಲ್ಡರ್‌ನಿಂದ ಆಗುತ್ತದೆ. ಟಿಕ್ ತೆಗೆದರೆ ಮುಂದೆ ಸುರಿಯುವುದು ನಿಲ್ಲುತ್ತದೆ, ಆಗಲೇ ಸುರಿದದ್ದು ಅಲ್ಲೇ ಬಿದ್ದಿರುತ್ತದೆ. ಆ ಪ್ಯಾಕೇಜ್‌ನ ಡರ್‌ಕ್ಲೀನ್ ಓಡಿಸಿದರೂ ಬಿಲ್ಡ್ ಫೋಲ್ಡರ್ ಅಳಿಯುತ್ತದೆಯೇ ಹೊರತು ಟಾರ್ಗೆಟ್‌ನಲ್ಲಿನ ಕಡತ ಅಳಿಯುವುದಿಲ್ಲ.

ನನಗಾದದ್ದು ಕೇಳಿ. ದೂರದಿಂದ ಲಾಗಿನ್ ಆಗಲು ಒಂದು ಎಸ್‌ಎಸ್‌ಎಚ್ ಸರ್ವರ್ ಅನ್ನು ಪರೀಕ್ಷೆಗೆಂದು ಸೇರಿಸಿದ್ದೆ. ಬಿಡುಗಡೆಗೆ ಮುಂಚೆ ಟಿಕ್ ತೆಗೆದೆ, ಕಾನ್ಫಿಗ್ ಕಡತ ಕಮಿಟ್ ಮಾಡಿದೆ, ಪರಿಶೀಲಿಸಿದವರು ಅದನ್ನು ನೋಡಿ ಸರಿ ಎಂದರು. ಇಮೇಜ್‌ನಲ್ಲಿ ಮಾತ್ರ ಸರ್ವರ್ ಹಾಗೆಯೇ ಇತ್ತು, ಅದರ ಆರಂಭದ ಸ್ಕ್ರಿಪ್ಟ್ ಸಮೇತ. ಬೂಟ್ ಆದ ಕೂಡಲೇ ಪೋರ್ಟ್ 22 ತೆರೆದುಕೊಂಡು ಬಾಗಿಲಲ್ಲಿ ಕಾಯುತ್ತಿತ್ತು. ಕಾಗದದಲ್ಲಿ ಇಲ್ಲ, ಬೋರ್ಡ್‌ನಲ್ಲಿ ಇದೆ. ಆ ದಿನದಿಂದ ಬಿಡುಗಡೆಯ ಬಿಲ್ಡ್ ಎಂದರೆ ಖಾಲಿ ಔಟ್‌ಪುಟ್ ಫೋಲ್ಡರ್‌ನಿಂದಲೇ ಶುರು.

---

ಮೇಕ್‌ಫೈಲ್_ಮಾವ

ಬಿಡುಗಡೆಯನ್ನು ಹಳೆಯ ಫೋಲ್ಡರ್‌ನಿಂದ ಮಾಡಿದ್ದು ನಿಮ್ಮ ತಪ್ಪು, ಉಪಕರಣದ್ದಲ್ಲ. ಬಿಲ್ಡ್‌ರೂಟ್ ತಾನು ಏನು ಮಾಡುವುದಿಲ್ಲ ಎಂದು ಮೊದಲೇ ಪ್ರಾಮಾಣಿಕವಾಗಿ ಹೇಳುತ್ತದೆ. ಟಾರ್ಗೆಟ್ ಫೋಲ್ಡರ್‌ನಲ್ಲಿ «ಇದು ನಿಮ್ಮ ರೂಟ್ ಫೈಲ್‌ಸಿಸ್ಟಮ್ ಅಲ್ಲ» ಎಂದು ಹೆಸರಿಟ್ಟ ಕಡತವನ್ನೇ ಇಟ್ಟಿದ್ದಾರೆ, ಅದಕ್ಕಿಂತ ಹೆಚ್ಚಾಗಿ ಇನ್ನೇನು ಕೂಗಬೇಕು? ಕೊನೆಯ ಹಂತದಲ್ಲಿ ಹೆಡರ್‌ಗಳು, ಸ್ಟ್ಯಾಟಿಕ್ ಲೈಬ್ರರಿಗಳು, ಮ್ಯಾನ್ ಪುಟಗಳು ಎಲ್ಲವನ್ನೂ ಅದೇ ಗುಡಿಸಿ ಹಾಕುತ್ತದೆ. ಗಾತ್ರ ತಿಳಿಯಬೇಕೆಂದರೆ ಮೇಕ್ ಗ್ರಾಫ್-ಸೈಜ್ ಹೊಡೆದರೆ ಚಿತ್ರವೇ ಬಿಡಿಸಿಕೊಡುತ್ತದೆ.

---

ನಿಶಾಚರಿ

ತಪ್ಪು ನನ್ನದೇ, ಒಪ್ಪಿದೆ. ಆ ಫಲಕದ ಅರ್ಥ ಮಾತ್ರ ಬೇರೆ: ಆ ಫೋಲ್ಡರ್‌ನಲ್ಲಿ ಮಾಲೀಕತ್ವ, ಡಿವೈಸ್ ಕಡತಗಳು ಸರಿಯಾಗಿರುವುದಿಲ್ಲ, ಹಾಗೇ ನಕಲು ಮಾಡಿ ಬಳಸಬೇಡಿ ಎಂದು. ಹಳಸಿದ ಕಡತಗಳ ಬಗ್ಗೆ ಅದು ಏನೂ ಹೇಳುವುದಿಲ್ಲ.

---

ಫ್ಲ್ಯಾಶ್_ತುಂಬಿದೆ

ಜಗಳದ ನಡುವೆ ಬಂದದ್ದಕ್ಕೆ ಕ್ಷಮಿಸಿ. ಬಾಣದ ಬಾಲ ಸಿಕ್ಕಿತು, ಅದು ನಮ್ಮ ಮನೆಯದೇ!

ನಮ್ಮದೊಂದು ಲಾಗ್ ಸಂಗ್ರಹಿಸುವ ಡೀಮನ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ಇದೆ, ಸಿ ಭಾಷೆಯಲ್ಲಿ ಬರೆದದ್ದು. ಅದರ ಮೂಲದ ಜೊತೆ ಯಾರೋ ಒಂದು ನಲವತ್ತು ಸಾಲಿನ ಸ್ಕ್ರಿಪ್ಟ್ ಸೇರಿಸಿದ್ದಾರೆ, ಲಾಗ್ ಕಡತ ಓದಿ ವರದಿ ಮಾಡಲು. ಅಭಿವೃದ್ಧಿಪಡಿಸುವವರು ತಮ್ಮ ಲ್ಯಾಪ್‌ಟಾಪ್‌ನಲ್ಲಿ ಬಳಸುವಂಥದ್ದು. ಇನ್‌ಸ್ಟಾಲ್ ಹಂತದಲ್ಲಿ ಅದೂ ಯುಎಸ್‌ಆರ್/ಬಿನ್‌ಗೆ ಹೋಗಿದೆ. ಅದರ ಮೊದಲ ಸಾಲಿನಲ್ಲಿ ಪೈಥಾನ್ ಹೆಸರಿದೆ. ಯೋಕ್ಟೊದ ಗುಣಮಟ್ಟ ತಪಾಸಣೆ «ಈ ಪ್ಯಾಕೇಜ್‌ಗೆ ಪೈಥಾನ್ ಬೇಕು, ಆರ್‌ಡಿಪೆಂಡ್ಸ್‌ನಲ್ಲಿ ಒದಗಿಸುವವರಿಲ್ಲ» ಎಂದು ದೂರು ಕೊಟ್ಟಿದೆ. ಆ ದೂರಿನ ಬಾಯಿ ಮುಚ್ಚಿಸಲು ನಮ್ಮವರೇ ಒಬ್ಬರು ಆರ್‌ಡಿಪೆಂಡ್ಸ್‌ಗೆ ಪೈಥಾನ್3-ಮಾಡ್ಯೂಲ್ಸ್ ಎಂದು ಸೇರಿಸಿ ಕಮಿಟ್ ಮಾಡಿದ್ದಾರೆ. ಕಮಿಟ್ ಸಂದೇಶ: «ಬಿಲ್ಡ್ ಸರಿಪಡಿಸಿದೆ».

---

ಸೊನ್ನೆ_ಒಂದು

ನಲವತ್ತು ಸಾಲಿಗೆ ಹೆಚ್ಚುಕಡಿಮೆ ನಲವತ್ತು ಎಂಬಿ. ಸಾಲಿಗೊಂದರಂತೆ ಲೆಕ್ಕ ಸರಿಯಾಗಿದೆ.

---

ಕರ್ನಲ್_ಕಾವಲುಗಾರ

ಪೈಥಾನ್3-ಮಾಡ್ಯೂಲ್ಸ್ ಎಂದರೆ ಇಡೀ ಪ್ರಮಾಣಿತ ಗ್ರಂಥಾಲಯ. ನಿಜವಾಗಿ ಬೇಕಿದ್ದರೂ ಪೈಥಾನ್3-ಕೋರ್ ಮತ್ತು ಬೇಕಾದ ಒಂದೆರಡು ಮಾಡ್ಯೂಲ್ ಸಾಕಿತ್ತು. ಇಲ್ಲಿ ಅದೂ ಬೇಡ. ಸ್ಕ್ರಿಪ್ಟ್ ಅನ್ನು ಬೇರೆ ಪ್ಯಾಕೇಜ್‌ಗೆ ತಳ್ಳಿ. ಪ್ಯಾಕೇಜಸ್ ಪಟ್ಟಿಗೆ ಪಿಎನ್-ಟೂಲ್ಸ್ (ಪಿಎನ್ ಎಂದರೆ ರೆಸಿಪಿಯ ಹೆಸರು) ಎಂಬ ಹೆಸರು ಸೇರಿಸಿ, ಅದರ ಫೈಲ್ಸ್‌ನಲ್ಲಿ ಆ ಸ್ಕ್ರಿಪ್ಟ್‌ನ ಹಾದಿ ಬರೆಯಿರಿ, ಪೈಥಾನ್ ಅವಲಂಬನೆಯನ್ನು ಮುಖ್ಯ ಪ್ಯಾಕೇಜ್‌ನಿಂದ ಕಿತ್ತು ಟೂಲ್ಸ್‌ಗೆ ಕೊಡಿ. ಟೂಲ್ಸ್ ಬಿಲ್ಡ್ ಆಗುತ್ತದೆ, ಆದರೆ ಯಾರೂ ಕರೆಯದ್ದರಿಂದ ಇಮೇಜ್‌ಗೆ ಹೋಗುವುದಿಲ್ಲ. ಬೇಕಾದವರು ತಮ್ಮ ಪರೀಕ್ಷಾ ಇಮೇಜ್‌ನಲ್ಲಿ ಕರೆದುಕೊಳ್ಳಲಿ.

---

ಫ್ಲ್ಯಾಶ್_ತುಂಬಿದೆ

ಮಾಡಿದೆ. ಪ್ಯಾಕೇಜಸ್ += ಎಂದು ಬರೆದೆ, ಫೈಲ್ಸ್ ಬರೆದೆ, ಅವಲಂಬನೆ ಸ್ಥಳಾಂತರಿಸಿದೆ. ಬಿಲ್ಡ್ ಮಾಡಿದರೆ ಮತ್ತೆ ಅದೇ ಹಳೆಯ ದೂರು, ಮುಖ್ಯ ಪ್ಯಾಕೇಜ್‌ಗೆ ಪೈಥಾನ್ ಬೇಕಂತೆ! ವರ್ಕ್ ಫೋಲ್ಡರ್‌ನಲ್ಲಿ ಪ್ಯಾಕೇಜಸ್-ಸ್ಪ್ಲಿಟ್ ತೆರೆದು ನೋಡಿದೆ. ಟೂಲ್ಸ್ ಫೋಲ್ಡರ್ ಖಾಲಿ. ಸ್ಕ್ರಿಪ್ಟ್ ಇನ್ನೂ ಮುಖ್ಯ ಪ್ಯಾಕೇಜ್‌ನ ಯುಎಸ್‌ಆರ್/ಬಿನ್‌ನಲ್ಲೇ ಇದೆ.

---

ಹಳೇ_ತಲೆ

ಪ್ಲಸ್ ಚಿಹ್ನೆಯನ್ನು ಆಚೆ ಬದಿಗೆ ಸರಿಸಿ. += ಅಲ್ಲ, =+ ಆಗಬೇಕು.

ಕಡತ ಹಂಚುವಾಗ ಪ್ಯಾಕೇಜಸ್ ಪಟ್ಟಿಯನ್ನು ಎಡದಿಂದ ಬಲಕ್ಕೆ ಓದುತ್ತಾರೆ, ಮೊದಲು ಕೈ ಚಾಚಿದವನಿಗೆ ಕಡತ ಸಿಗುತ್ತದೆ. += ಎಂದರೆ ನಿಮ್ಮ ಟೂಲ್ಸ್ ಸಾಲಿನ ಕೊನೆಗೆ ನಿಂತಿತು. ಅದಕ್ಕೆ ಮುಂಚೆ ನಿಂತ ಮುಖ್ಯ ಪ್ಯಾಕೇಜ್ ಯುಎಸ್‌ಆರ್/ಬಿನ್‌ನಲ್ಲಿರುವುದನ್ನೆಲ್ಲ ಬಾಚಿಕೊಂಡು ಹೋಗುವ ಸ್ವಭಾವದ್ದು. ಹಿಂದೆ ನಿಂತವನ ಪಾಲಿಗೆ ಏನೂ ಉಳಿಯುವುದಿಲ್ಲ. ಖಾಲಿ ಪ್ಯಾಕೇಜ್ ಅನ್ನು ಯೋಕ್ಟೊ ತಯಾರಿಸುವುದೂ ಇಲ್ಲ, ಅಲೋ_ಎಂಪ್ಟಿ ಎಂದು ನೀವು ಹೇಳದ ಹೊರತು. -ಡೆವ್, -ಡಿಬಿಜಿ ಮುಂತಾದವು ಮೂಲ ಪಟ್ಟಿಯಲ್ಲೇ ಮುಖ್ಯ ಪ್ಯಾಕೇಜ್‌ಗಿಂತ ಮುಂದೆ ಇರುವುದಕ್ಕೂ ಇದೇ ಕಾರಣ. ಪ್ಯಾಕೇಜ್_ಬಿಫೋರ್_ಪಿಎನ್ ಎಂಬ ವೇರಿಯಬಲ್ ಇರುವುದೂ ಇದಕ್ಕೇ.

---

ಫ್ಲ್ಯಾಶ್_ತುಂಬಿದೆ

ಒಂದು ಪ್ಲಸ್ ಸರಿಸಿದ್ದಕ್ಕೆ ಪೈಥಾನ್ ಮನೆ ಖಾಲಿ ಮಾಡಿತು. ಆರ್‌ಎಂ ಫಂಕ್ಷನ್ ಅಳಿಸಿ ಹಾಕಿದೆ. ಧನ್ಯವಾದ ಹೇಳಲು ಮಾತು ಸಾಲದು.

---

ತುರ್ತು_ಬಿಡುಗಡೆ

ಎಲ್ಲರೂ ಆರ್‌ಎಂ ಬರೆದವರನ್ನು ಕಳ್ಳರಂತೆ ನೋಡುತ್ತಿದ್ದೀರಿ, ಅವರ ಪರವಾಗಿ ಒಂದು ಮಾತು. ಸಂಜೆ ಆರಕ್ಕೆ ಇಮೇಜ್ ಹೋಗಬೇಕು, ನಾಲ್ಕಕ್ಕೆ ಗಾತ್ರ ಮೀರಿದೆ ಎಂದು ತಿಳಿಯುತ್ತದೆ. ಆಗ ಬೇರೆಯವರ ಲೇಯರ್‌ನ (ರೆಸಿಪಿಗಳ ಸಂಗ್ರಹದ) ರೆಸಿಪಿ ಬಿಚ್ಚಿ ಪ್ಯಾಕೇಜ್ ಒಡೆಯುತ್ತಾ ಕೂರಲು ಆಗುತ್ತದೆಯೇ? ಮೂರು ಸಾಲಿನ ಆರ್‌ಎಂ, ಕೆಲಸ ಮುಗಿಯಿತು. ಪ್ಯಾಕೇಜ್ ದತ್ತಾಂಶ ತಪ್ಪಾಗುತ್ತದೆ ಎನ್ನುವುದೂ ಹುರುಳಿಲ್ಲದ ವಾದ. ಇಮೇಜ್_ಫೀಚರ್ಸ್‌ನಲ್ಲಿ ಪ್ಯಾಕೇಜ್-ಮ್ಯಾನೇಜ್‌ಮೆಂಟ್ ಇಲ್ಲದಿದ್ದರೆ ಆ ದತ್ತಾಂಶವನ್ನು ಯೋಕ್ಟೊವೇ ಇಮೇಜ್‌ನಿಂದ ಅಳಿಸಿಬಿಡುತ್ತದೆ. ಇಲ್ಲದ ಪುಸ್ತಕದಲ್ಲಿ ಲೆಕ್ಕ ತಪ್ಪಾದರೆ ಯಾರಿಗೆ ನಷ್ಟ?

---

ಕರ್ನಲ್_ಕಾವಲುಗಾರ

ಇಮೇಜ್‌ನೊಳಗಿನ ಪುಸ್ತಕ ಇಲ್ಲ, ನಿಜ. ಹೊರಗಿನ ಪುಸ್ತಕ? ಇಮೇಜ್ ಪಕ್ಕದಲ್ಲಿ ಬರುವ ಮ್ಯಾನಿಫೆಸ್ಟ್ (ಪ್ಯಾಕೇಜ್‌ಗಳ ಪಟ್ಟಿ), ಪರವಾನಗಿ ಪಟ್ಟಿ, ಎಸ್‌ಪಿಡಿಎಕ್ಸ್ ಕಡತ (ತಂತ್ರಾಂಶ ಘಟಕಗಳ ವಿವರ), ಎಲ್ಲವೂ ಪ್ಯಾಕೇಜ್ ಲೆಕ್ಕದಿಂದಲೇ ಹುಟ್ಟುತ್ತವೆ. ನೀವು ಕಡತ ಅಳಿಸಿದ್ದು ಅವುಗಳಿಗೆ ಗೊತ್ತಾಗುವುದಿಲ್ಲ. ಮೊದಲ ಪೋಸ್ಟ್‌ನಲ್ಲಿನ ಪತ್ರ ಬಂದದ್ದು ಹಾಗೆಯೇ. ನಾಳೆ ಪೈಥಾನ್‌ನಲ್ಲಿ ಒಂದು ಭದ್ರತಾ ದೋಷ ಬಂದರೆ ಇಲ್ಲದ ವಸ್ತುವಿಗೆ ತೇಪೆ ಹಾಕಿ ಎಂದು ನಿಮ್ಮನ್ನೇ ಕೇಳುತ್ತಾರೆ.

ಇನ್ನೊಂದು: ಆರ್‌ಎಂ ಹೇಳುವುದು ಹಾದಿ, ಪ್ಯಾಕೇಜ್ ಅಲ್ಲ. ಮುಂದಿನ ಆವೃತ್ತಿಯಲ್ಲಿ ಫೋಲ್ಡರ್ ಹೆಸರಿನಲ್ಲಿ ಪೈಥಾನ್ 3.12 ಹೋಗಿ 3.13 ಬಂದರೆ, ನಿಮ್ಮ ಸಾಲಿನಲ್ಲಿ ಸಂಖ್ಯೆ ಗಟ್ಟಿಯಾಗಿ ಬರೆದಿದ್ದರೆ, ಅದು ಏನನ್ನೂ ಅಳಿಸುವುದಿಲ್ಲ. -ಎಫ್ ಹಾಕಿದ್ದರಂತೂ ಬಾಯಿಯನ್ನೂ ಬಿಡುವುದಿಲ್ಲ.

---

ತುರ್ತು_ಬಿಡುಗಡೆ

-ಎಫ್ ಹಾಕಿದ್ದೆ. ಬಾಯಿ ಬಿಡಲಿಲ್ಲ. ಮುಂದೆ ಹೇಳಿ.

---

ಹಳೇ_ತಲೆ

ತುರ್ತು ಇದ್ದರೆ ಪ್ಯಾಕೇಜ್_ಎಕ್ಸ್‌ಕ್ಲೂಡ್ ಬಳಸಿ. ಅದು ಹೆಸರು ಹಿಡಿದು ಹೇಳುತ್ತದೆ: ಇವನು ಒಳಗೆ ಬರಕೂಡದು. ಯಾರಾದರೂ ಅವನಿಲ್ಲದೆ ಆಗದು ಎಂದು ಹಟ ಹಿಡಿದಿದ್ದರೆ ಬಿಲ್ಡ್ ಅಲ್ಲೇ ಮುರಿದು ಆ ಹಟಮಾರಿಯ ಹೆಸರು ಹೇಳುತ್ತದೆ. ಯಾರು ಎಳೆಯುತ್ತಿದ್ದಾರೆಂದು ಪತ್ತೆ ಮಾಡಲು ನಾನು ಇದನ್ನೇ ಬಲೆಯಂತೆ ಒಡ್ಡುತ್ತೇನೆ. ಮೆತ್ತನೆಯ ಅವಲಂಬನೆ, ಅಂದರೆ ಆರ್‌ರೆಕಮೆಂಡ್ಸ್‌ನಿಂದ ಬಂದವನಾದರೆ ಬ್ಯಾಡ್_ರೆಕಮೆಂಡೇಶನ್ಸ್‌ನಲ್ಲಿ ಅವನ ಹೆಸರು ಬರೆದರೆ ಸಾಕು, ಗಲಾಟೆ ಇಲ್ಲದೆ ಹೊರಗೆ ಉಳಿಯುತ್ತಾನೆ.

---

ಅವಸರದ_ಆಮೆ

ನೋ_ರೆಕಮೆಂಡೇಶನ್ಸ್ = 1 ಎಂದುಬಿಟ್ಟರೆ ಒಂದೇ ಏಟಿಗೆ ಎಲ್ಲ ಶಿಫಾರಸುಗಳೂ ಹೋಗುತ್ತವೆ. ನಾನು ಹಾಗೇ ಮಾಡಿದ್ದೆ, 11 ಎಂಬಿ ಉಳಿಯಿತು.

---

ನಿಶಾಚರಿ

ಬೋರ್ಡ್ ಬೂಟ್ ಆಯಿತೇ?

---

ಅವಸರದ_ಆಮೆ

ಬೂಟ್ ಆಯಿತು. ಈಥರ್ನೆಟ್ ಬರಲಿಲ್ಲ.

---

ನಿಶಾಚರಿ

ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಿರಿ. ಕರ್ನಲ್ ಮಾಡ್ಯೂಲ್‌ಗಳು ಇಮೇಜ್‌ಗೆ ಬರುವುದು ಬಹುಪಾಲು ಶಿಫಾರಸಿನ ಮೂಲಕವೇ. ಅದಕ್ಕೊಂದು ಕಾರಣ ಉಂಟು: ಒಂದು ಡ್ರೈವರ್ ಮಾಡ್ಯೂಲ್ ಆಗಿರಬಹುದು, ಕರ್ನಲ್‌ನೊಳಗೇ ಸೇರಿಕೊಂಡಿರಬಹುದು. ಒಳಗೇ ಸೇರಿದ್ದರೆ ಆ ಹೆಸರಿನ ಪ್ಯಾಕೇಜ್ ಹುಟ್ಟುವುದೇ ಇಲ್ಲ. ಗಟ್ಟಿ ಅವಲಂಬನೆ ಬರೆದಿದ್ದರೆ ಆಗ ಬಿಲ್ಡ್ ಮುರಿಯುತ್ತದೆ. ಆದ್ದರಿಂದ «ಇದ್ದರೆ ತಾ, ಇಲ್ಲದಿದ್ದರೆ ಬಿಡು» ಎಂದು ಬರೆಯುತ್ತಾರೆ.

ಇದಕ್ಕೇ ಅಂಟಿಕೊಂಡ ಇನ್ನೊಂದು ಗುಂಡಿ: ಮಷೀನ್ ಕಡತದಲ್ಲಿ ವೈಫೈ ಮಾಡ್ಯೂಲ್ ಅನ್ನು ಮಷೀನ್_ಎಕ್ಸ್‌ಟ್ರಾ_ಆರ್‌ರೆಕಮೆಂಡ್ಸ್‌ನಲ್ಲಿ ಬರೆದು, ಕೋರ್-ಇಮೇಜ್-ಮಿನಿಮಲ್ ಮಾಡಿ, ವೈಫೈ ಎಲ್ಲಿ ಎಂದು ಹುಡುಕುವವರು ತಿಂಗಳಿಗೊಬ್ಬರಾದರೂ ಇಲ್ಲಿಗೆ ಬರುತ್ತಾರೆ. ಮಿನಿಮಲ್ ಇಮೇಜ್ ನೋಡುವುದು ಎಸೆನ್ಶಿಯಲ್ ಎಂಬ ಪದವಿರುವ ವೇರಿಯಬಲ್‌ಗಳನ್ನು ಮಾತ್ರ. ಬೂಟ್ ಆಗಲು ಬೇಕೇಬೇಕಾದದ್ದು ಅಲ್ಲಿ, ಉಳಿದದ್ದು ಎಕ್ಸ್‌ಟ್ರಾದಲ್ಲಿ.

---

ಬೇಲಿ_ಮೇಲಿನ_ಬಳಕೆದಾರ

ನಾನು ರೂಟರ್‌ಗಳ ಮೇಲೆ ಓಪನ್‌ಡಬ್ಲ್ಯುಆರ್‌ಟಿ ಎಂಬ ಲಿನಕ್ಸ್ ಹಾಕುವವನು. ನಮ್ಮಲ್ಲಿ ಈ ವ್ಯತ್ಯಾಸ ಮೆನುವಿನಲ್ಲೇ ಕಣ್ಣಿಗೆ ಹೊಡೆಯುತ್ತದೆ. ಪ್ಯಾಕೇಜ್ ಮುಂದೆ ನಕ್ಷತ್ರ ಹಾಕಿದರೆ ಇಮೇಜ್‌ನೊಳಗೆ, ಎಂ ಹಾಕಿದರೆ ಬಿಲ್ಡ್ ಆಗಿ ಪ್ರತ್ಯೇಕ ಪ್ಯಾಕೇಜ್ ಕಡತವಾಗಿ ಪಕ್ಕದಲ್ಲಿ ಬಿದ್ದಿರುತ್ತದೆ. ಇಮೇಜ್ ಬಿಲ್ಡರ್ ಬಳಸಿದರೆ ಕಂಪೈಲ್ ಮಾಡುವುದೂ ಬೇಡ. ಪ್ಯಾಕೇಜ್ ಹೆಸರಿನ ಮುಂದೆ ಮೈನಸ್ ಚಿಹ್ನೆ ಹಾಕಿದರೆ ಪೂರ್ವನಿಯೋಜಿತ ಪಟ್ಟಿಯಿಂದ ಹೊರಗೆ.

ಆದರೂ ಜನ ಮಾಡುವ ತಪ್ಪು ಒಂದಿದೆ. ಫ್ಲ್ಯಾಶ್ ತುಂಬಿತೆಂದು ಓಡುತ್ತಿರುವ ರೂಟರ್‌ನಿಂದ ಪ್ಯಾಕೇಜ್ ಅಳಿಸುತ್ತಾರೆ. ಮೂಲ ಇಮೇಜ್ ಸ್ಕ್ವಾಶ್‌ಎಫ್‌ಎಸ್, ಓದಲು ಮಾತ್ರ. ಅಳಿಸಿದಾಗ ಅದರ ಮೇಲಿರುವ ಓವರ್‌ಲೇ ಪದರದಲ್ಲಿ «ಈ ಕಡತ ಇಲ್ಲವೆಂದುಕೊಳ್ಳಿ» ಎಂಬ ಗುರುತು ಬೀಳುತ್ತದೆ. ಆ ಗುರುತಿಗೂ ಜಾಗ ಬೇಕಲ್ಲ! ಜಾಗ ಉಳಿಸಲು ಹೋಗಿ ಇನ್ನಷ್ಟು ಕಳೆದುಕೊಳ್ಳುತ್ತಾರೆ.

---

ಸೊನ್ನೆ_ಒಂದು

ಸಾಲ ತೀರಿಸಲು ಸಾಲ ಮಾಡಿದಂತೆ.

---

ಪ್ಲಗಿನ್_ಪೀಡಿತ

ನನ್ನದು ಎದುರು ದಿಕ್ಕಿನ ಗೋಳು. ಬೇಡದ್ದು ಬರುವುದಿರಲಿ, ಬೇಕಾದದ್ದೇ ಬರುತ್ತಿಲ್ಲ. ಜಿಸ್ಟ್ರೀಮರ್ ಎಂಬ ಆಡಿಯೊ-ವಿಡಿಯೊ ಲೈಬ್ರರಿ ಬಳಸುವ ವಿಡಿಯೊ ಆ್ಯಪ್. ಲೈಬ್ರರಿ ಬಂದಿದೆ, ಆ್ಯಪ್ ಶುರುವಾಗುತ್ತದೆ, ಆಮೇಲೆ ಇಂಥ ಎಲಿಮೆಂಟ್ ಇಲ್ಲ ಎಂದು ಸಾಯುತ್ತದೆ. ಪ್ಲಗಿನ್ ರೆಸಿಪಿ ಡಿಪೆಂಡ್ಸ್‌ನಲ್ಲಿದೆ, ಬಿಲ್ಡ್ ಆಗಿದ್ದನ್ನು ಕಣ್ಣಾರೆ ಕಂಡಿದ್ದೇನೆ.

---

ಕರ್ನಲ್_ಕಾವಲುಗಾರ

ಕಣ್ಣಾರೆ ಕಂಡದ್ದು ಬಿಲ್ಡ್ ಆದದ್ದನ್ನು. ಮೇಲೆ ಹೇಳಿದ ತಾನಾಗಿ ಸೇರಿಸುವ ಉಪಕಾರ ಲಿಂಕ್ ಆದ ಲೈಬ್ರರಿಗಳಿಗೆ ಮಾತ್ರ. ಪ್ಲಗಿನ್‌ಗಳನ್ನು ಜಿಸ್ಟ್ರೀಮರ್ ಓಡುವಾಗ ಡಿಎಲ್‌ಓಪನ್‌ನಿಂದ ತೆರೆಯುತ್ತದೆ, ಬೈನರಿಯಲ್ಲಿ ಅದರ ಸುಳಿವೇ ಇರುವುದಿಲ್ಲ. ಹಾಗಾಗಿ ಕೈಯಾರೆ ಆರ್‌ಡಿಪೆಂಡ್ಸ್‌ನಲ್ಲಿ ಬರೆಯಬೇಕು. ಪ್ರತಿ ಪ್ಲಗಿನ್ನೂ ಬೇರೆ ಬೇರೆ ಪ್ಯಾಕೇಜ್ ಆಗಿ ಒಡೆದಿರುತ್ತದೆ, ಬೇಕಾದ ನಾಲ್ಕೈದರ ಹೆಸರು ಬರೆಯಿರಿ. ಸೋಮಾರಿತನಕ್ಕೆ -ಮೆಟಾ ಪ್ಯಾಕೇಜ್ ಹಾಕಿದರೆ ಇಡೀ ಜಾತ್ರೆ ಬರುತ್ತದೆ. ಯಾವ ಕಡತ ಯಾವ ಪ್ಯಾಕೇಜ್‌ನಲ್ಲಿದೆ ಎಂದು ತಿಳಿಯಲು ಓಇ-ಪಿಕೆಜಿಡೇಟಾ-ಯುಟಿಲ್‌ಗೆ ಫೈಂಡ್-ಪಾತ್ ಎಂದು ಕೊಟ್ಟು ಕಡತದ ಹಾದಿ ಕೊಡಿ.

---

ಪ್ಲಗಿನ್_ಪೀಡಿತ

ನಾಲ್ಕು ಹೆಸರು ಬರೆದೆ, ವಿಡಿಯೊ ಓಡುತ್ತಿದೆ. ಹೆಸರು ಬದಲಿಸಿಕೊಳ್ಳಬೇಕು ಈಗ.

---

ಹಳೇ_ತಲೆ

ಅದೇ ಜಾತಿಯ ಇನ್ನೊಂದು. ಹೊರಗಿನಿಂದ ಬಂದ ಸಿದ್ಧ ಲೈಬ್ರರಿ, ಹೆಸರು ಬರೀ .ಎಸ್‌ಒ, ಹಿಂದೆ ಆವೃತ್ತಿ ಸಂಖ್ಯೆ ಇಲ್ಲ. ಯೋಕ್ಟೊ ಸಂಖ್ಯೆ ಇಲ್ಲದ .ಎಸ್‌ಒ ಕಂಡರೆ ಅದು ಬಿಲ್ಡ್ ಸಮಯದ ಕೊಂಡಿ ಎಂದುಕೊಂಡು -ಡೆವ್‌ಗೆ ಹಾಕುತ್ತದೆ. ಮುಖ್ಯ ಪ್ಯಾಕೇಜ್ ಖಾಲಿ, ಖಾಲಿ ಆದ್ದರಿಂದ ಹುಟ್ಟುವುದೇ ಇಲ್ಲ, ಇಮೇಜ್ ಮಾಡುವಾಗ ಇದನ್ನು ಒದಗಿಸುವವರು ಯಾರೂ ಇಲ್ಲ ಎಂಬ ದೂರು. «ಬಿಲ್ಡ್ ಆಗಿದೆಯಲ್ಲ, ಮತ್ತೆ ಇಲ್ಲ ಎನ್ನುತ್ತದಲ್ಲ» ಎಂದು ನಾನೇ ಅರ್ಧ ದಿನ ತಲೆ ಚಚ್ಚಿಕೊಂಡಿದ್ದೇನೆ. ಫೈಲ್ಸ್_ಸೋಲಿಬ್ಸ್‌ಡೆವ್ ಅನ್ನು ಖಾಲಿ ಮಾಡಿ, ಆ .ಎಸ್‌ಒ ಅನ್ನು ಮುಖ್ಯ ಪ್ಯಾಕೇಜ್‌ನ ಫೈಲ್ಸ್‌ಗೆ ಸೇರಿಸಬೇಕು.

---

ಮೇಕ್‌ಫೈಲ್_ಮಾವ

ಒಂದು .ಎಸ್‌ಒ ನಕಲು ಮಾಡಲು ಇಷ್ಟೆಲ್ಲ. ನಾನು ಸುಮ್ಮನಿರುತ್ತೇನೆ.

---

ಫ್ಲ್ಯಾಶ್_ತುಂಬಿದೆ

ಸಂತೋಷದ ನಡುವೆ ಒಂದು ಅನುಮಾನ. ಪೈಥಾನ್ ಹೋದ ಮೇಲೆ ಇಮೇಜ್ ಮತ್ತೆ 92 ಎಂಬಿಗೆ ಬಂದಿದೆ. ಆದರೆ ಅದನ್ನು ಮೌಂಟ್ ಮಾಡಿ ಡಿಯು (ಬಳಸಿದ ಜಾಗ ಅಳೆಯುವ ಆದೇಶ) ಓಡಿಸಿದರೆ 71 ಎನ್ನುತ್ತದೆ. 21 ಎಂಬಿ ಯಾರ ಹೊಟ್ಟೆಯಲ್ಲಿದೆ?

---

ಕರ್ನಲ್_ಕಾವಲುಗಾರ

ಯಾರ ಹೊಟ್ಟೆಯಲ್ಲೂ ಇಲ್ಲ, ಖಾಲಿ ಜಾಗ. ಇಮೇಜ್_ಓವರ್‌ಹೆಡ್_ಫ್ಯಾಕ್ಟರ್‌ನ ಪೂರ್ವನಿಯೋಜಿತ ಬೆಲೆ 1.3. 71 ಅನ್ನು 1.3ರಿಂದ ಗುಣಿಸಿ ನೋಡಿ. ಓಡುವಾಗ ಬರೆಯಲು ಜಾಗವಿರಲಿ ಎಂದು ಇಎಕ್ಸ್‌ಟಿ4 ತರಹದ ಇಮೇಜ್‌ಗಳಿಗೆ ಸೇರಿಸುತ್ತಾರೆ. ನಿಮ್ಮ ರೂಟ್ ಓದಲು ಮಾತ್ರವಾದರೆ ಅದನ್ನು ಇಳಿಸಬಹುದು. ಸ್ಕ್ವಾಶ್‌ಎಫ್‌ಎಸ್‌ಗೆ ಹೋದರೆ ಈ ಲೆಕ್ಕವೇ ಅನ್ವಯಿಸುವುದಿಲ್ಲ, ಮೇಲಾಗಿ ಸಂಕುಚನದ ಲಾಭ.

---

ಫ್ಲ್ಯಾಶ್_ತುಂಬಿದೆ

ಅಂದರೆ ಮೊದಲು 139 ಕಂಡಾಗಲೂ ಒಳಗೆ ನಿಜವಾಗಿ ಇದ್ದದ್ದು 107 ಮಾತ್ರ. 128ರಲ್ಲಿ ಹಿಡಿಸುತ್ತಿತ್ತು!

---

ತುರ್ತು_ಬಿಡುಗಡೆ

ಹಿಡಿಸಿದ್ದರೆ ಪೈಥಾನ್ ಬಂದದ್ದು ನಿಮಗೆ ಗೊತ್ತೇ ಆಗುತ್ತಿರಲಿಲ್ಲ.

---

ಸೊನ್ನೆ_ಒಂದು

ವಿಷಯಾಂತರ: ಕೋರ್-ಇಮೇಜ್ ಅಲ್ಲದ ನಮ್ಮದೇ ಇಮೇಜ್‌ನಲ್ಲಿ ಜರ್ಮನ್, ಫ್ರೆಂಚ್ ಭಾಷಾ ಕಡತಗಳು ಏಕಿವೆ? ನಮ್ಮ ಪೆಟ್ಟಿಗೆಗೆ ಪರದೆಯೇ ಇಲ್ಲ, ಯಾರ ಜೊತೆ ಮಾತಾಡುತ್ತದೆ?

---

ನಿಶಾಚರಿ

ಇಮೇಜ್_ಲಿಂಗ್ವಾಸ್‌ನ ಪೂರ್ವನಿಯೋಜಿತ ಪಟ್ಟಿಯಲ್ಲಿ ಜರ್ಮನ್, ಫ್ರೆಂಚ್, ಬ್ರಿಟಿಷ್ ಇಂಗ್ಲಿಷ್ ಮೂರೂ ಇವೆ. ಮಿನಿಮಲ್ ಇಮೇಜ್ ಅದನ್ನು ಖಾಲಿ ಮಾಡಿಕೊಳ್ಳುತ್ತದೆ. ನೀವೂ ಖಾಲಿ ಮಾಡಿಕೊಳ್ಳಿ, ಪೆಟ್ಟಿಗೆ ಮೌನವ್ರತ ಮಾಡಲಿ.

---

ಹೊಸಬಳು_ಕಲಿಯುತ್ತಿದ್ದೇನೆ

ಎಲ್ಲ ಓದಿದೆ, ಒಂದು ಸಣ್ಣ ಪ್ರಶ್ನೆ. ಲೋಕಲ್.ಕಾನ್ಫ್‌ನಲ್ಲಿ ಇಮೇಜ್_ಇನ್‌ಸ್ಟಾಲ್ += "ಎಚ್‌ಟಾಪ್" ಎಂದು ಬರೆದೆ. ಮಿನಿಮಲ್ ಇಮೇಜ್‌ನಲ್ಲಿ ಎಚ್‌ಟಾಪ್ ಬರಲೇ ಇಲ್ಲ. ಅದೇ ಸಾಲಿನೊಂದಿಗೆ ಕೋರ್-ಇಮೇಜ್-ಬೇಸ್ ಮಾಡಿದರೆ ಎಚ್‌ಟಾಪ್ ಬಂತು, ಉಳಿದದ್ದು ಬಹುಪಾಲು ಮಾಯ. ಒಂದೇ ಸಾಲಿಗೆ ಎರಡು ಬುದ್ಧಿ ಹೇಗೆ?

---

ಹಳೇ_ತಲೆ

ಸಣ್ಣ ಪ್ರಶ್ನೆಯಲ್ಲ, ಈ ಎಳೆಯ ಅತ್ಯುತ್ತಮ ಪ್ರಶ್ನೆ. ಲೋಕಲ್.ಕಾನ್ಫ್ ಮೊದಲು ಓದಲ್ಪಡುತ್ತದೆ, ರೆಸಿಪಿ ಆಮೇಲೆ. ಮಿನಿಮಲ್ ರೆಸಿಪಿಯಲ್ಲಿ ಇಮೇಜ್_ಇನ್‌ಸ್ಟಾಲ್‌ಗೆ ನೇರ = ಇದೆ, ನೀವು ಬರೆದಿದ್ದನ್ನು ಒರೆಸಿ ತನ್ನದನ್ನು ಬರೆಯುತ್ತದೆ. ಬೇಸ್ ಇಮೇಜ್ ಬಳಸುವುದು ಕ್ಲಾಸ್‌ನಲ್ಲಿರುವ ?= ಅನ್ನು, ಅಂದರೆ «ಇನ್ನೂ ಯಾರೂ ಏನೂ ಬರೆದಿಲ್ಲದಿದ್ದರೆ ಮಾತ್ರ ಇದು». ನೀವು ಆಗಲೇ ಬರೆದಿದ್ದೀರಿ, ಹಾಗಾಗಿ ಅದು ಹಿಂದೆ ಸರಿಯಿತು, ಮೂಲ ಪ್ಯಾಕೇಜ್‌ಗಳೂ ಅದರ ಜೊತೆ ಹೋದವು.

:ಅಪೆಂಡ್ ಬಳಸಿ, ಅದು ಎಲ್ಲ ಓದಿ ಮುಗಿದ ಮೇಲೆ ಸೇರುತ್ತದೆ. ಉದ್ಧರಣ ಚಿಹ್ನೆಯ ಒಳಗೆ ಮೊದಲು ಒಂದು ಖಾಲಿ ಜಾಗ ಬಿಡಿ, ಅಪೆಂಡ್ ತಾನಾಗಿ ಜಾಗ ಬಿಡುವುದಿಲ್ಲ. ಬಿಡದಿದ್ದರೆ ಹಿಂದಿನ ಹೆಸರಿಗೆ ಎಚ್‌ಟಾಪ್ ಅಂಟಿಕೊಂಡು ಯಾರೂ ಕೇಳದ ಹೊಸ ಪ್ಯಾಕೇಜ್ ಹುಟ್ಟುತ್ತದೆ. ಹಳೆಯ ಉತ್ತರಗಳಲ್ಲಿ ಕೋಲನ್ ಬದಲು ಅಂಡರ್‌ಸ್ಕೋರ್ ಕಂಡರೆ ಗಾಬರಿ ಬೇಡ, 2021ರ ಅಕ್ಟೋಬರ್‌ನಲ್ಲಿ ಬಂದ 3.4 ಆವೃತ್ತಿಯಿಂದ ಬರವಣಿಗೆಯ ರೀತಿ ಬದಲಾಗಿದೆ.

ಲೋಕಲ್.ಕಾನ್ಫ್‌ನಲ್ಲಿ ಬರೆದ ಅಪೆಂಡ್ ನೀವು ಮಾಡುವ ಎಲ್ಲ ಇಮೇಜ್‌ಗಳಿಗೂ ತಗಲುತ್ತದೆ ಎಂಬುದೂ ನೆನಪಿರಲಿ. ಕಲಿಯಲು ಅದು ಸರಿ. ಉತ್ಪನ್ನಕ್ಕೆ ನಿಮ್ಮದೇ ಇಮೇಜ್ ರೆಸಿಪಿ ಬರೆದು ಅಲ್ಲಿ ಪಟ್ಟಿ ಇಡಿ.

---

ಹೊಸಬಳು_ಕಲಿಯುತ್ತಿದ್ದೇನೆ

ಬಂತು! ನನ್ನದೇ ಒಂದು ಸಣ್ಣ ಇಮೇಜ್ ರೆಸಿಪಿ ಬರೆದು, ಖಾಲಿ ಜಾಗ ಬಿಡದೆಯೂ ಒಮ್ಮೆ ಮಾಡಿ ನೋಡಿದೆ. ಪ್ಯಾಕೇಜ್‌ಗ್ರೂಪ್-ಕೋರ್-ಬೂಟ್‌ಎಚ್‌ಟಾಪ್ ಸಿಗಲಿಲ್ಲ ಎಂದಿತು.

---

ಕರ್ನಲ್_ಕಾವಲುಗಾರ

ಫ್ಲ್ಯಾಶ್ ತುಂಬಿದವರೇ, ಹೋಗುವ ಮುನ್ನ ಇಮೇಜ್ ರೆಸಿಪಿಯಲ್ಲಿ ಇಮೇಜ್_ರೂಟ್‌ಎಫ್‌ಎಸ್_ಮ್ಯಾಕ್ಸ್‌ಸೈಜ್ ಹಾಕಿ, ಲೆಕ್ಕ ಕಿಲೋಬೈಟ್‌ಗಳಲ್ಲಿ. ಮೀರಿದರೆ ಬಿಲ್ಡ್ ಅಲ್ಲೇ ನಿಲ್ಲುತ್ತದೆ. ಜೊತೆಗೆ ಇಮೇಜ್‌ನ ಮ್ಯಾನಿಫೆಸ್ಟ್ ಕಡತವನ್ನು ಗಿಟ್‌ನಲ್ಲಿಟ್ಟು ಪ್ರತಿ ಬದಲಾವಣೆಗೂ ಹಳೆಯದರೊಂದಿಗೆ ಹೋಲಿಸಿ. «ಬಿಲ್ಡ್ ಸರಿಪಡಿಸಿದೆ» ಎಂಬ ಕಮಿಟ್‌ನ ಪಕ್ಕದಲ್ಲಿ ಹತ್ತಾರು ಪೈಥಾನ್ ಸಾಲುಗಳು ಹಸಿರಾಗಿ ಕಂಡಿದ್ದರೆ ಪರಿಶೀಲಿಸುವವರು ಅಂದೇ ಹಿಡಿಯುತ್ತಿದ್ದರು.

---

ಫ್ಲ್ಯಾಶ್_ತುಂಬಿದೆ

ಎರಡೂ ಹಾಕಿದೆ. ಮ್ಯಾಕ್ಸ್‌ಸೈಜ್‌ಗೆ 128ರ ಬದಲು 110 ಎಂಬಿ ಲೆಕ್ಕ ಬರೆದಿದ್ದೇನೆ, ಮುಂದಿನ ಅತಿಥಿ ಬಾಗಿಲಲ್ಲೇ ಸಿಗಲಿ ಎಂದು. ಭದ್ರತೆಯವರಿಗೆ ಹೊಸ ಪಟ್ಟಿ ಕಳಿಸಿದೆ. ಹತ್ತು ನಿಮಿಷದಲ್ಲಿ ಉತ್ತರ ಬಂತು: «ಪೈಥಾನ್ ಹೋಗಿದೆ, ಸರಿ. ಬ್ಯಾಶ್ ಏಕಿದೆ?»

---

ಸೊನ್ನೆ_ಒಂದು

ಡಿಪೆಂಡ್ಸ್.ಡಾಟ್ ಮತ್ತೆ ತೆರೆಯಿರಿ.

---

ಫ್ಲ್ಯಾಶ್_ತುಂಬಿದೆ

ತೆರೆದೆ. ಅದೂ ನಮ್ಮದೇ ಸ್ಕ್ರಿಪ್ಟ್. ಬರೆದವನು ನಾನೇ.